‘ವಿನ್ನೋ’ ಎಂದರೆ ತೂರುವುದೋ, ಕೇರುವುದೋ?

ಇಂಗ್ಲಿಷಿನಲ್ಲಿ ‘ವಿನ್ನೋ’ ಎಂಬ ಒಂದು ಕ್ರಿಯಾಪದವಿದೆ. ದಿನಬಳಕೆಯ ಮಾತಲ್ಲ. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರ ಬಾಯಲ್ಲೂ ಅದು ಬರುವುದಿಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ದೇಶಗಳ ಪೇಟೆಯ ಜನಕ್ಕೂ ಅದೀಗ ಪುಸ್ತಕದ ಮಾತು. ನೂರು ಅರ್ಜಿಗಳಲ್ಲಿ ಹತ್ತನ್ನು ಆರಿಸಿಕೊಂಡೆವು ಎಂದು ಹೇಳುವಾಗ ಅಲಂಕಾರಕ್ಕೆ ಬಳಸುತ್ತಾರೆ, ಅಷ್ಟೇ. ನಮ್ಮ ಮಕ್ಕಳಿಗೆ ಮಾತ್ರ ಅದು ಆರನೆಯ ಇಯತ್ತೆಯ ವಿಜ್ಞಾನದಲ್ಲಿ ಕಡ್ಡಾಯವಾಗಿ ಎದುರಾಗುತ್ತದೆ. ಪದಾರ್ಥಗಳನ್ನು ಬೇರ್ಪಡಿಸುವ ಪಾಠ. ಕೈಯಿಂದ ಆರಿಸುವುದು, ಒಕ್ಕುವುದು, ಆಮೇಲೆ ‘ವಿನ್ನೋಯಿಂಗ್’, ಆಮೇಲೆ ಜರಡಿ ಹಿಡಿಯುವುದು. ಇಂಗ್ಲಿಷ್ ಮಾಧ್ಯಮದ ಮಕ್ಕಳು ಅದರ ವ್ಯಾಖ್ಯೆಯನ್ನು ಗಟ್ಟಿ ಹೊಡೆಯುತ್ತಾರೆ. ಕಾಗುಣಿತವನ್ನು ಹತ್ತು ಸಲ ಬರೆಯುತ್ತಾರೆ: ಡಬ್ಲ್ಯೂ, ಐ, ಎರಡು ಎನ್, ಓ, ಮತ್ತೆ ಡಬ್ಲ್ಯೂ. ಎರಡನೆಯ ಎನ್ ಬದಲು ಡಿ ಬರೆದುಬಿಟ್ಟರೆ ಅದು ‘ವಿಂಡೋ’ ಆಗಿ, ಕಾಳು ಹಸನ ಮಾಡುವ ಕೆಲಸ ಹೋಗಿ ಕಿಟಕಿಯಾಗುತ್ತದೆ. ಹಾಗೆ ಬರೆಯುವ ಮಕ್ಕಳು ಪ್ರತಿ ವರ್ಗದಲ್ಲಿ ನಾಲ್ಕಾರು ಇದ್ದೇ ಇರುತ್ತಾರೆ.

ನನ್ನ ತಕರಾರು ಮಕ್ಕಳ ಮೇಲೆ ಅಲ್ಲ. ಮನೆಯಲ್ಲೊಂದು ಪುಟ್ಟ ಇಂಗ್ಲಿಷ್-ಕನ್ನಡ ಶಬ್ದಕೋಶವಿದೆ. ರಟ್ಟು ಹರಿದು, ಮಾಡಿದವರ ಹೆಸರು, ಅಚ್ಚು ಹಾಕಿಸಿದವರ ಹೆಸರು ಎರಡೂ ಹೋಗಿವೆ. ಅದರಲ್ಲಿ ಈ ಶಬ್ದದ ಎದುರಿಗೆ ಹೀಗಿದೆ: ತೂರು, ಕೇರು. ನನ್ನ ತಕರಾರು ಇರುವುದು ಆ ಎರಡು ಶಬ್ದಗಳ ನಡುವಿನ ಅಲ್ಪವಿರಾಮದ ಮೇಲೆ. ‘ಇದೂ ಅದೇ, ಅದೂ ಇದೇ, ಯಾವುದಾದರೂ ಹಾಕಿಕೊಳ್ಳಿ’ ಎಂದು ಆ ಪುಟ್ಟ ಗುರುತು ಹೇಳುತ್ತದೆ. ಜೋಳ ಕೇರಿದ ಯಾವ ಹೆಣ್ಣುಮಗಳೂ ಈ ಮಾತನ್ನು ಒಪ್ಪಲಾರಳು.

ಒಂದು ಅಲ್ಪವಿರಾಮಕ್ಕೆ ಇಷ್ಟು ಸಿಟ್ಟೇ ಎಂದು ನೀವು ನಗಬಹುದು. ಆದರೆ ನಾನಿರುವುದು ಲಕ್ಷ್ಮೇಶ್ವರದಲ್ಲಿ. ಇದು ಹಳೆಯ ಪುಲಿಗೆರೆ. ಕ್ರಿ.ಶ. 850ರ ಸುಮಾರಿಗೆ ಹುಟ್ಟಿದ ‘ಕವಿರಾಜಮಾರ್ಗ’ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ನಾಡನ್ನು ಗುರುತಿಸಿ, ಕನ್ನಡದ ತಿರುಳು ಇರುವುದು ಅಲ್ಲಿ ಎಂದಿತು. 941ರಲ್ಲಿ ಪಂಪ ತನ್ನ ಭಾರತ ಪುಲಿಗೆರೆಯ ತಿರುಳ ಕನ್ನಡದಲ್ಲಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡ. ನಮ್ಮೂರಿನ ಸಭೆಗಳಲ್ಲಿ ಭಾಷಣ ಮಾಡುವವರು ಈ ಎರಡು ಸಂಗತಿಗಳನ್ನು ಹೇಳದೆ ಮೈಕು ಬಿಡುವುದಿಲ್ಲ. ಸೋಮೇಶ್ವರ ಗುಡಿಯ ಅಂಗಳದಲ್ಲಿ, ಶಂಖಬಸದಿಯ ಮುಂದೆ ನಾನು ಅವನ್ನು ಎಷ್ಟು ಸಲ ಕೇಳಿದ್ದೇನೋ. ಆದರೆ ‘ತಿರುಳು’ ಎಂಬ ಮಾತಿನ ಬಳಿ ಯಾರೂ ನಿಲ್ಲುವುದಿಲ್ಲ. ಹುಣಸೆಯ ತಿರುಳು, ಹಲಸಿನ ತಿರುಳು, ಬೀಜದೊಳಗಿನ ತಿರುಳು. ಸಿಪ್ಪೆ, ನಾರು, ಹೊಟ್ಟು ತೆಗೆದ ಮೇಲೆ ಉಳಿಯುವುದು ಅದು. ಕನ್ನಡವನ್ನು ಹೊಗಳಲು ಆ ಕವಿಗಳು ಹುಡುಕಿದ ಮಾತು ಬಂಗಾರವಲ್ಲ, ಮುತ್ತಲ್ಲ. ಹಸನ ಮಾಡುವವರ ಕೈಗೆ ದಕ್ಕುವ ಮಾತು. ಹಾಗಿದ್ದ ಮೇಲೆ ಪುಲಿಗೆರೆಯಲ್ಲಿ ಕೂತು ತೂರುವುದನ್ನೂ ಕೇರುವುದನ್ನೂ ಒಂದೇ ಎಂದು ಒಪ್ಪಿಕೊಳ್ಳುವುದು ಹೇಗೆ?

ಮೊದಲು ಆ ಇಂಗ್ಲಿಷ್ ಶಬ್ದದ ಹುಟ್ಟನ್ನು ನೋಡೋಣ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು ‘ವಿಂಡ್ವಿಯನ್’ ಎಂದಿತ್ತು. ಹೊಟ್ಟೆಯಲ್ಲಿ ಇರುವುದು ‘ವಿಂಡ್’, ಅಂದರೆ ಗಾಳಿ. ಗಾಳಿಗೆ ಒಡ್ಡು ಎಂಬುದೇ ಅದರ ಮೂಲಾರ್ಥ. ನಾಲಿಗೆ ಸೋಮಾರಿ, ನಡುವಿನ ‘ಡ’ಕಾರವನ್ನು ಕಾಲಾನುಕಾಲಕ್ಕೆ ನುಂಗಿಬಿಟ್ಟಿತು. ಅದು ಹೋದ ಜಾಗದಲ್ಲಿ ‘ನ’ಕಾರ ಇಮ್ಮಡಿಯಾಗಿ ನಿಂತಿತು. ಕೊನೆಯ ಡಬ್ಲ್ಯೂ ಈಗ ಉಚ್ಚಾರಕ್ಕಿಲ್ಲ, ಬರವಣಿಗೆಗೆ ಮಾತ್ರ ಉಂಟು. ಹಳೆಯ ರೂಪದ ಕುರುಹಾಗಿ ಬಾಗಿಲಲ್ಲಿ ಕೂತ ಮುದುಕಿಯ ಹಾಗೆ.

ತಮಾಷೆಯೆಂದರೆ ಮಕ್ಕಳು ಗೊಂದಲ ಮಾಡಿಕೊಳ್ಳುವ ‘ವಿಂಡೋ’ ಕೂಡ ಇದೇ ಮನೆತನದ್ದು. ಅದು ಇಂಗ್ಲೆಂಡಿಗೆ ಉತ್ತರದ ಕಡಲುಗಳ್ಳರ ಭಾಷೆಯಿಂದ ಬಂದದ್ದು. ಅವರಲ್ಲಿ ಅದರ ರೂಪ ‘ವಿಂಡ್‌ಔಗ’, ಅರ್ಥ ಗಾಳಿಯ ಕಣ್ಣು. ಅದಕ್ಕೂ ಮುಂಚೆ ಇಂಗ್ಲಿಷರು ಕಿಟಕಿಗೆ ‘ಕಣ್ಣಿನ ತೂತು’ ಎಂಬರ್ಥದ ಬೇರೆ ಮಾತೇ ಆಡುತ್ತಿದ್ದರು. ನಮ್ಮ ಹಳೆಯ ಕಾವ್ಯಗಳಲ್ಲಿ ಕಿಟಕಿಗೆ ‘ಗವಾಕ್ಷ’ ಎಂದೂ ಇದೆ, ‘ವಾತಾಯನ’ ಎಂದೂ ಇದೆ. ಗವಾಕ್ಷ ಎತ್ತಿನ ಕಣ್ಣು. ವಾತಾಯನ ಗಾಳಿಯ ದಾರಿ. ಸಂಸ್ಕೃತದ ‘ವಾತ’, ಲ್ಯಾಟಿನ್ನಿನ ‘ವೆಂಟುಸ್’, ಇಂಗ್ಲಿಷಿನ ‘ವಿಂಡ್’ ಮೂರೂ ಒಂದೇ ಬೇರಿನವು. ಲ್ಯಾಟಿನ್ನಿನಲ್ಲಿ ‘ವೆಂಟಿಲಾರೆ’ ಎಂದರೆ ಗಾಳಿ ಬೀಸು ಎಂದೂ ಹೌದು, ಕಾಳು ತೂರು ಎಂದೂ ಹೌದು. ಕೊರೋನಾದ 2020, 2021ರಲ್ಲಿ ಮನೆಮನೆಯಲ್ಲೂ ಬಾಯಿಗೆ ಬಂದ, ಕೇಳಿದರೆ ಎದೆ ಝಲ್ಲೆನ್ನಿಸುವ ‘ವೆಂಟಿಲೇಟರ್’ ಅಲ್ಲಿಂದ ಬಂದದ್ದು. ಒಂದು ಕಣದ ಶಬ್ದ ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

ಅಂತೂ ‘ವಿನ್ನೋ’ದ ಪ್ರಾಣ ಗಾಳಿಯಲ್ಲಿದೆ. ಹೀಗಾಗಿ ನಮ್ಮ ‘ತೂರು’ ಅದಕ್ಕೆ ಹೇಳಿ ಮಾಡಿಸಿದ ಜೋಡಿ. ತೂರುವುದು ಕಣದ ಕೆಲಸ, ಬಯಲಿನ ಕೆಲಸ. ಸಾರಿಸಿದ ಕಣದ ನಡುವೆ ಮೇಟಿ, ಮೇಟಿಯ ಸುತ್ತ ಹಂತಿಯ ಎತ್ತು. ತುಳಿಸಿ ಆದ ಮೇಲೆ ಕಾಳು-ಹೊಟ್ಟು ಕೂಡಿಯೇ ಬಿದ್ದಿರುತ್ತವೆ. ಆಗ ಒಬ್ಬರು ಎತ್ತರಕ್ಕೆ ನಿಂತು ಬುಟ್ಟಿಯನ್ನು ತಲೆಯ ಮಟ್ಟಕ್ಕೆ ಹಿಡಿದು ಸಣ್ಣಗೆ ಅಲ್ಲಾಡಿಸುತ್ತ ಸುರಿಯಬೇಕು. ಕೆಳಗಿನಿಂದ ಇನ್ನೊಬ್ಬರು ಬುಟ್ಟಿ ತುಂಬಿ ತುಂಬಿ ಕೊಡಬೇಕು. ಹಾಗೆ ಕೊಡುವವರು ಹೆಚ್ಚಾಗಿ ಹೆಂಗಸರು. ಕಾಳು ನೆಟ್ಟಗೆ ಬೀಳುತ್ತದೆ, ಹೊಟ್ಟು ಗಾಳಿ ಕರೆದತ್ತ ಹೋಗುತ್ತದೆ. ಗಾಳಿ ನಿಂತರೆ ಕೆಲಸವೂ ನಿಂತಿತು. ಅದಕ್ಕೇ ನಮ್ಮಲ್ಲಿ ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ. ತಮಿಳರಲ್ಲೂ ಇದೇ ಗಾದೆ, ಬಹುತೇಕ ಇದೇ ಶಬ್ದಗಳಲ್ಲಿ ಇದೆ. ಇಂಗ್ಲಿಷರು ಈ ಮಾತಿಗೆ ಬಿಸಿಲಿರುವಾಗ ಹುಲ್ಲು ಒಣಗಿಸಿಕೊಳ್ಳಬೇಕು ಎನ್ನುತ್ತಾರೆ. ಅವರಿಗೆ ಅಪರೂಪದ್ದು ಬಿಸಿಲು, ನಮಗೆ ಗಾಳಿ.

ಈ ಶಬ್ದ ಅಕ್ಕಪಕ್ಕದ ಭಾಷೆಗಳಲ್ಲಿ ಇನ್ನೂ ಒಂದು ದಾರಿ ಹಿಡಿದಿದೆ. ತಮಿಳಿನಲ್ಲಿ ‘ತೂಟ್ರು’ ಎಂದರೆ ಕಾಳು ತೂರುವುದು; ಇನ್ನೊಬ್ಬರ ಮಾನ ಗಾಳಿಗೆ ತೂರುವುದು, ಚಾಡಿ ಹೇಳುವುದು ಕೂಡ. ತೆಲುಗಿನಲ್ಲಿ ‘ತೂರ್ಪಾರಬಟ್ಟು’ ಎಂದರೆ ತೂರುವುದರ ಜೊತೆಗೆ ಕಟುವಾಗಿ ಟೀಕಿಸುವುದು. ಹೈದರಾಬಾದಿನ ಪತ್ರಿಕೆಗಳ ತಲೆಬರಹಗಳಲ್ಲಿ ಒಬ್ಬ ಮುಖಂಡ ಇನ್ನೊಬ್ಬನನ್ನು ದಿನಾ ತೂರುತ್ತಲೇ ಇರುತ್ತಾನೆ. ಗ್ರೀಕರ ಕಥೆಯೂ ಇದೇ. ‘ಕ್ರಿಟಿಕ್’, ಅಂದರೆ ವಿಮರ್ಶಕ ಎಂಬ ಮಾತು ಹುಟ್ಟಿದ್ದು ಅವರ ‘ಕ್ರಿನೈನ್’ ಎಂಬ ಕ್ರಿಯಾಪದದಿಂದ. ಅದರ ಅರ್ಥ ಬೇರ್ಪಡಿಸು, ಆರಿಸು. ಜರಡಿಗೆ ಇರುವ ಲ್ಯಾಟಿನ್ ಹೆಸರು ಅದರ ಒಡಹುಟ್ಟು. ವಿಮರ್ಶೆ ಬರೆಯುವ ನಮ್ಮ ಪ್ರಾಧ್ಯಾಪಕರು ಮರ ಹಿಡಿದು ಕಟ್ಟೆಯ ಮೇಲೆ ಕೂತಂತೆ ಕಲ್ಪಿಸಿಕೊಂಡರೆ ನನಗೆ ಸಮಾಧಾನವಾಗುತ್ತದೆ. ಕೆಲವರಿಗೆ ಹೊಟ್ಟು ಉಳಿಸಿಕೊಂಡು ಕಾಳು ಹಾರಿಸುವ ಅಭ್ಯಾಸವಿದೆ, ಆ ಮಾತು ಬೇರೆ.

ಈಗ ಕೇರುವುದಕ್ಕೆ ಬರೋಣ. ಇದು ಮನೆಯ ಕೆಲಸ, ಮಧ್ಯಾಹ್ನದ ಕೆಲಸ. ಊಟ ಮುಗಿದು ಮುಸುರಿ ತೊಳೆದಾದ ಮೇಲೆ ಕಟ್ಟೆಗೋ ಪಡಸಾಲೆಗೋ ಬಂದು ಕೂತು ಮಾಡುವಂಥದ್ದು. ಇಲ್ಲಿ ಗಾಳಿಗಾಗಿ ಯಾರೂ ಕಾಯುವುದಿಲ್ಲ. ಗಾಳಿಯನ್ನು ಹುಟ್ಟಿಸುವವಳು ಕೇರುವವಳೇ. ಮರದ ಹಿಂಬದಿ ಮತ್ತು ಎರಡು ಬದಿ ಎತ್ತರ, ಮುಂಭಾಗ ಬಯಲು. ಕಾಳು ಮೇಲಕ್ಕೆ ಹಾರಿ ಇಳಿಯುವ ಹೊತ್ತಿಗೆ ಮರವನ್ನು ತುಸು ಹಿಂದಕ್ಕೆ ಎಳೆದು ಮತ್ತೆ ಮೇಲಕ್ಕೆ ಒಯ್ಯಬೇಕು. ತೂಕದ ಕಾಳು ಹಿಂದೆ ಕೂಡುತ್ತದೆ. ಹಗುರಾದ ಹೊಟ್ಟು, ಜೊಳ್ಳು, ಹುಳ ತಿಂದ ಕಾಳು ಮುಂದಿನ ಅಂಚಿಗೆ ಬಂದು, ಮರ ಹುಟ್ಟಿಸಿದ ಗಾಳಿಗೇ ಹಾರಿ ಹೋಗುತ್ತವೆ. ಹೇಳುವುದಕ್ಕೆ ಇಷ್ಟೇ. ಮಾಡಹೋದವರಿಗೆ ಮಾತ್ರ ಮೊದಲ ದಿನ ಕಾಳೆಲ್ಲ ಅಂಗಳದ ಪಾಲು. ಮೊಣಕೈ ಎಷ್ಟು ಎತ್ತಬೇಕು, ಮಣಿಕಟ್ಟು ಯಾವಾಗ ತಿರುಗಬೇಕು ಎಂಬುದನ್ನು ಯಾವ ಅವ್ವನೂ ಮಾತಿನಲ್ಲಿ ಕಲಿಸಿಲ್ಲ. ಹಿಂದೆ ಕೂತು, ಮಗಳ ಕೈಯ ಮೇಲೆ ತನ್ನ ಕೈ ಇಟ್ಟು ಕಲಿಸಿದ್ದು.

ನಮ್ಮ ಓಣಿಯ ಹಿರಿಯರೊಬ್ಬರನ್ನು ನಾನು ಬೇಕೆಂತಲೇ ಕೇಳಿದೆ: ‘ಕಣದಾಗ ತೂರಿದ ಜ್ವಾಳಾನ ಮನ್ಯಾಗ ಮತ್ತ ಯಾಕ ಕೇರ್ತೀರಿ ಆಯೀ?’ ಅವರು ನನ್ನ ಓದಿನ ಬಗ್ಗೆ ಕನಿಕರಪಟ್ಟವರಂತೆ ನೋಡಿ, ‘ಗಾಳಿ ಕಸಾ ಒಯ್ತೈತೆವಾ, ಹಳ್ಳ ಒಯ್ಯಾಂಗಿಲ್ಲ’ ಅಂದರು.

ಶಬ್ದಕೋಶ ಬಿಟ್ಟ ಮಾತೆಲ್ಲ ಇದರಲ್ಲಿದೆ. ತೂರುವುದು ಹಗುರಾದುದನ್ನು ಮಾತ್ರ ಕಳೆಯುತ್ತದೆ. ಕಾಳಿಗಿಂತ ಭಾರವಾದ ಹಳ್ಳು ಕಾಳಿನ ಜೊತೆಗೇ ನೆಟ್ಟಗೆ ಬಿದ್ದು ಮನೆಗೆ ಬರುತ್ತದೆ. ಅದನ್ನು ಹಿಡಿಯುವುದು ಮರದ ಇನ್ನೊಂದು ಚಲನೆ. ಮೇಲೆ ಕೆಳಗೆ ಹಾರಿಸುವುದನ್ನು ನಿಲ್ಲಿಸಿ, ಮರವನ್ನು ತುಸು ಓರೆಯಾಗಿ ಹಿಡಿದು ಬದಿಯಿಂದ ಬದಿಗೆ ಅಲುಗಿಸಬೇಕು. ಆಗ ಕಲ್ಲು ಒಂದು ಮೂಲೆಗೆ, ಕಾಳು ಒಂದು ಕಡೆಗೆ ಸರಿಯುತ್ತವೆ. ಹಳೆಯ ಮೈಸೂರು ಕಡೆಯವರು ಇದಕ್ಕೆ ‘ಒನೆ’ ಎಂಬ ಬೇರೆಯೇ ಕ್ರಿಯಾಪದ ಇಟ್ಟುಕೊಂಡಿದ್ದಾರೆ. ಹಿಟ್ಟಿಗಾದರೆ ಸಾಣಿಸುವುದು, ಬೇಳೆಗಾದರೆ ಆರಿಸುವುದು. ಇವೆಲ್ಲ ಸೇರಿದಾಗ ನಮ್ಮ ಕಡೆ ಹೇಳುವ ಒಟ್ಟು ಮಾತು ‘ಹಸನ ಮಾಡು’. ‘ಜ್ವಾಳಾ ಹಸನ ಮಾಡಿ ಗಿರಣಿಗೆ ಕಳಿಸು’ ಎನ್ನುವ ಬಾಯಲ್ಲೇ ‘ನಿನ್ನ ಬಾಳೇವು ಹಸನಾಗ್ಲಿ’ ಎಂಬ ಹರಕೆಯೂ ಬರುತ್ತದೆ.

ಮರ ಎಂದು ಬರೆದೆನಲ್ಲ, ದಕ್ಷಿಣದ ಓದುಗರು ಗಿಡಮರ ಎಂದು ತಿಳಿಯಬಾರದು. ನೀವು ಮೊರ ಎನ್ನುತ್ತೀರಿ. ತಮಿಳು, ಮಲೆಯಾಳಗಳಲ್ಲಿ ಅದು ಮುರಂ. ನಮ್ಮ ಕಡೆ ಅದು ಮರ. ಬೆಳೆದು ನಿಂತ ಮರಕ್ಕೆ ನಾವು ಎಷ್ಟೇ ಎತ್ತರವಿದ್ದರೂ ಗಿಡ ಎಂದೇ ಕರೆಯುವುದರಿಂದ ನಮಗೆ ಗೊಂದಲವಿಲ್ಲ. ಮೇದಾರರು ಬಿದಿರಿನ ಸೀಳಿನಿಂದ ಹೆಣೆದ ಮರಕ್ಕೆ ಸಗಣಿ, ಅರೆದ ಮೆಂತ್ಯ ಬಳಿದು ಸಂದು ಮುಚ್ಚಿ ಒಣಗಿಸುತ್ತಿದ್ದರು. ಈಗ ತಗಡಿನದು, ಪ್ಲಾಸ್ಟಿಕ್ಕಿನದು ಬಂದಿವೆ. ಸಂಸ್ಕೃತದಲ್ಲಿ ಅದಕ್ಕೆ ಶೂರ್ಪ. ಅಂಥ ಉಗುರುಗಳವಳು ಶೂರ್ಪಣಖಿ, ಅಂಥ ಕಿವಿಗಳವನು ಗಣಪ. ಹಿಂದಿಯ ‘ಸೂಪ್’ ಅದರಿಂದಲೇ ಬಂದದ್ದು. ಸಾಧುವಾದವನು ಸೂಪಿನ ಹಾಗಿರಬೇಕು ಎಂದು ಕಬೀರ ಹೇಳಿದ್ದು ಪ್ರಸಿದ್ಧ. ಗೌರಿಯ ಬಾಗಿನ ಕೊಡುವುದೂ ಇದರಲ್ಲೇ, ಹುಟ್ಟಿದ ಕೂಸನ್ನು ಮಲಗಿಸುತ್ತಿದ್ದುದೂ ಇದರಲ್ಲೇ. ಗ್ರೀಕರೂ ತಮ್ಮ ಕೂಸುಗಳನ್ನು ಇಂಥದೇ ಬುಟ್ಟಿಯಲ್ಲಿ ಮಲಗಿಸುತ್ತಿದ್ದರಂತೆ.

ಎರಡು ಕೆಲಸಕ್ಕೆ ಎರಡು ಕ್ರಿಯಾಪದ ಇರುವುದು ಕನ್ನಡದ ಸೊತ್ತಷ್ಟೇ ಅಲ್ಲ. ಮರಾಠಿ ಬಲ್ಲ ನಮ್ಮ ಬೆಳಗಾವಿ ಕಡೆಯ ಹೆಣ್ಣುಮಕ್ಕಳನ್ನು ಕೇಳಿ. ಗಾಳಿಗೆ ತೂರುವುದು ‘ಉಫಣಣೆ’, ಸೂಪದಲ್ಲಿ ಕೇರುವುದು ‘ಪಾಖಡಣೆ’. ಹಿಂದಿಯಲ್ಲಿ ‘ಓಸಾನಾ’ ಬೇರೆ, ‘ಫಟಕನಾ’ ಬೇರೆ. ತೆಲುಗಿನಲ್ಲಿ ಕೇರುವುದಕ್ಕೆ ‘ಚೆರುಗು’. ಇಷ್ಟೆಲ್ಲ ಭಾಷೆಗಳ ಹೆಂಗಸರಿಗೆ ತಿಳಿದ ಭೇದ ಇಂಗ್ಲಿಷರಿಗೆ ಮಾತ್ರ ತಿಳಿಯದೇ ಹೋಯಿತೇ?

ಹೋಗಿರಲಿಲ್ಲ. ಇಲ್ಲಿಯೇ ಈ ಕಥೆಯ ಸ್ವಾರಸ್ಯವಿದೆ. ಇಂಗ್ಲಿಷಿನಲ್ಲೂ ಕೇರುವುದಕ್ಕೆ ಬೇರೆ ಮಾತಿತ್ತು. ಅದು ‘ಫ್ಯಾನ್’! ನಮ್ಮ ತಲೆಯ ಮೇಲೆ ತಿರುಗುವ, ಕರೆಂಟು ಹೋದಾಗ ನಿಂತುಹೋಗುವ, ಅದೇ ಫ್ಯಾನ್. ಲ್ಯಾಟಿನ್ನಿನಲ್ಲಿ ‘ವನ್ನುಸ್’ ಎಂದರೆ ಕಾಳು ಕೇರುವ ಬುಟ್ಟಿ. ಹಳೆಯ ಇಂಗ್ಲಿಷಿಗೆ ಅದು ‘ಫನ್’ ಆಗಿ ಬಂತು. ‘ಫನ್ನಿಯನ್’ ಎಂಬ ಕ್ರಿಯಾಪದವೂ ಹುಟ್ಟಿತು. ಅರ್ಥ: ಆ ಬುಟ್ಟಿಯಲ್ಲಿ ಕೇರು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸ್ನಾನಿಕನಾದ ಯೋಹಾನನು, ತನ್ನ ಹಿಂದೆ ಬರುವಾತ ಕಾಳನ್ನೂ ಹೊಟ್ಟನ್ನೂ ಬೇರೆ ಮಾಡುತ್ತಾನೆ ಎಂದು ಹೇಳುವಲ್ಲಿ, ಆತನ ಕೈಯಲ್ಲಿ ಇರುವುದು ‘ಫ್ಯಾನ್’. ಇಂದಿನ ಓದುಗ ಬೀಸಣಿಗೆ ಎಂದುಕೊಂಡಾನು ಎಂದೇ ಹೊಸ ಅನುವಾದಗಳಲ್ಲಿ ಆ ಶಬ್ದ ಬದಲಾಗಿದೆ. ಬುಟ್ಟಿ ಹುಟ್ಟಿಸುವ ಗಾಳಿಯನ್ನು ಕಂಡು ಆ ಹೆಸರನ್ನು ಬೀಸಣಿಗೆಗೆ ಕೊಟ್ಟರು. ಬೀಸಣಿಗೆ ಶ್ರೀಮಂತ ಹೆಂಗಸರ ಕೈಗೆ ಹೋಯಿತು. ವಿದ್ಯುತ್ತು ಬಂದ ಮೇಲೆ ಚಾವಣಿಗೆ ಏರಿತು. ಕಣದಲ್ಲಿ ಉಳಿದದ್ದು ಗಾಳಿಯ ಶಬ್ದವೊಂದೇ. ಹೀಗೆ ಇಂಗ್ಲಿಷ್ ತನ್ನ ‘ಕೇರು’ವನ್ನು ಕಳೆದುಕೊಂಡು, ಎರಡೂ ಕೆಲಸಗಳನ್ನು ‘ವಿನ್ನೋ’ ಎಂಬ ಒಂದೇ ಶಬ್ದದ ತಲೆಗೆ ಕಟ್ಟಿತು. ನಮ್ಮ ಕೋಶದ ಅಲ್ಪವಿರಾಮ ಆ ನಷ್ಟದ ನಕಲು. ಅವರು ಕಳೆದುಕೊಂಡದ್ದಕ್ಕೆ ನಾವು ದಂಡ ತೆರುತ್ತಿದ್ದೇವೆ.

ಈಚೆಗೆ ನಮ್ಮ ಹೊಲಗಳಲ್ಲಿ ಇನ್ನೊಂದು ನೋಟ ಕಾಣುತ್ತದೆ. ಎತ್ತಿಲ್ಲ, ಮೇಟಿಯಿಲ್ಲ, ತೆನೆಗಳನ್ನು ಡಾಂಬರು ರಸ್ತೆಯ ಮೇಲೆ ಹರವಿ ಲಾರಿ, ಬಸ್ಸುಗಳಿಂದ ತುಳಿಸುತ್ತಾರೆ. ಗಾಳಿ ಇಲ್ಲದ ದಿನ ದೊಡ್ಡ ಫ್ಯಾನ್ ಹಚ್ಚಿ ಅದರ ಮುಂದೆ ತೂರುತ್ತಾರೆ. ಸಾವಿರಾರು ವರ್ಷ ಊರೂರು ತಿರುಗಿದ ಶಬ್ದ ತನ್ನ ತವರಿನ ಕೆಲಸಕ್ಕೆ ಮರಳಿ ಬಂದಿದೆ.

ಯಂತ್ರದಿಂದ ಗಾಳಿ ಹುಟ್ಟಿಸುವುದಕ್ಕೆ ಸ್ಕಾಟ್ಲೆಂಡಿನಲ್ಲಿ ದೊಡ್ಡ ವಿರೋಧವೇ ಬಂದಿತ್ತು. 18ನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನಿಂದ ಅಲ್ಲಿಗೆ ತೂರುವ ಯಂತ್ರ ಬಂತು. ದೇವರು ಕಳಿಸುವ ಗಾಳಿಗೆ ಕಾಯದೆ ಮನುಷ್ಯ ತಾನೇ ಗಾಳಿ ಎಬ್ಬಿಸುವುದು ಅಧರ್ಮ ಎಂದು ಧರ್ಮಭೀರುಗಳು ಸಿಡಿದರು. ವಾಲ್ಟರ್ ಸ್ಕಾಟ್ ತನ್ನ 1816ರ ‘ಓಲ್ಡ್ ಮಾರ್ಟಾಲಿಟಿ’ ಕಾದಂಬರಿಯಲ್ಲಿ ಈ ವಾದವನ್ನು ಒಬ್ಬ ಮುದುಕಿಯ ಬಾಯಲ್ಲಿ ಇಟ್ಟಿದ್ದಾನೆ. ಓದುವಾಗ ನಗು ಬರುತ್ತದೆ. ಆದರೆ ನನಗೆ ನಗುವಿನ ಜೊತೆ ಒಂದು ಸಂಶಯವೂ ಬಂತು. ಆ ಮುದುಕಿ ಎಂದೂ ಕೈಯಲ್ಲಿ ಬುಟ್ಟಿ ಹಿಡಿದು ಕೇರಿರಲಿಲ್ಲವೇ? ಕೇರಿದ್ದರೆ ಅವಳೂ ದಿನಾ ಗಾಳಿ ಎಬ್ಬಿಸಿದವಳೇ. ಬರೆದವನು ಗಂಡಸು, ಅವನಿಗೆ ಕಣ ಕಂಡಿತು, ಪಡಸಾಲೆ ಕಾಣಲಿಲ್ಲ. ಅಂದ ಹಾಗೆ ಆ ಸ್ಕಾಟ್ ಮಂದಿಯ ಆಡುಮಾತಿನಲ್ಲಿ ಈ ಕೆಲಸಕ್ಕೆ ‘ಡೈಟ್’ ಎಂಬ ಕ್ರಿಯಾಪದವಿದೆ. ಅಣಿ ಮಾಡು, ಸ್ವಚ್ಛ ಮಾಡು, ಕಾಳು ತೂರು ಎಲ್ಲ ಅದರಲ್ಲಿ ಸೇರಿದೆ. ನಮ್ಮ ‘ಹಸನ ಮಾಡು’ವಿಗೆ ಇದಕ್ಕಿಂತ ಹತ್ತಿರದ ಮಾತು ಇಂಗ್ಲೆಂಡಿನ ಆ ದ್ವೀಪದಲ್ಲಿ ಇನ್ನೊಂದಿಲ್ಲ.

ಇಂಗ್ಲಿಷ್ ಕವಿಗಳಿಗೆ ‘ವಿನ್ನೋ’ ಎಂದರೆ ಬಲು ಪ್ರೀತಿ. 1667ರಲ್ಲಿ ಮಿಲ್ಟನ್ ದೇವದೂತನ ರೆಕ್ಕೆಯ ಬಡಿತಕ್ಕೆ ಈ ಶಬ್ದ ಬಳಸಿದ. ಅದು ಚೆನ್ನಾಗಿದೆ, ರೆಕ್ಕೆಯೂ ಮರವೂ ಆಕಾರದಲ್ಲಿ ಒಂದೇ ತೆರ. 1819ರಲ್ಲಿ ಕೀಟ್ಸ್ ಶರದೃತುವಿನ ಮೇಲೆ ಬರೆದ ಪ್ರಗಾಥದಲ್ಲಿ, ಋತುವನ್ನೇ ವ್ಯಕ್ತಿಯಾಗಿ ಮಾಡಿ ಕಾಳಿನ ಉಗ್ರಾಣದ ನೆಲದ ಮೇಲೆ ನಿಶ್ಚಿಂತೆಯಿಂದ ಕೂರಿಸಿದ್ದಾನೆ. ತೂರುವ ಗಾಳಿಗೆ ಅವಳ ತಲೆಗೂದಲು ಮೆಲ್ಲಗೆ ಏಳುತ್ತದೆ. ಕಾಲೇಜಿನಲ್ಲಿ ಇದನ್ನು ಓದಿದ ನಾವೆಲ್ಲ ಮರುಳಾದವರೇ. ಚಿತ್ರ ಸುಂದರ, ಸಂಶಯವಿಲ್ಲ. ಆದರೆ ಜೋಳ ತೂರುವ ಕಡೆ ಅರ್ಧ ತಾಸು ನಿಂತವರಿಗೆ ಗೊತ್ತು: ಆ ಸುಂಕು ಕುತ್ತಿಗೆ, ಮೈಗೆ ಬಿದ್ದರೆ ಸ್ನಾನ ಮಾಡುವ ತನಕ ತುರಿಕೆ ಬಿಡುವುದಿಲ್ಲ. ತಲೆಗೆ ಸೆರಗು ಬಿಗಿದು ಕಟ್ಟಿಕೊಳ್ಳದೆ ಯಾವ ಹೆಂಗಸೂ ಆ ಗಾಳಿಗೆ ಮುಖ ಕೊಡುವುದಿಲ್ಲ. ಕೀಟ್ಸನ ಹೆಣ್ಣು ಕೂದಲು ಬಿಚ್ಚಿ ಕೂತಿದ್ದಾಳೆಂದರೆ ಕೆಲಸ ಬೇರೆ ಯಾರೋ ಮಾಡುತ್ತಿದ್ದಾರೆ ಎಂದೇ ಅರ್ಥ. ಕವಿತೆಗೆ ಇದು ದೋಷವಲ್ಲ. ಆದರೆ ನಮ್ಮ ಅಧ್ಯಾಪಕರು ಆ ಚಿತ್ರವನ್ನು ಶ್ರಮದ ಸೌಂದರ್ಯ ಎಂದು ವಿವರಿಸುವುದಿದೆಯಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ.

ಇದಕ್ಕಿಂತ ನನಗೆ ಹಿಡಿಸಿದ್ದು ಹೋಮರನ ಒಂದು ಪ್ರಸಂಗ. ಕಡಲಿನಲ್ಲಿ ಅಲೆದು ದಣಿದ ಒಡಿಸ್ಯೂಸನಿಗೆ ಭವಿಷ್ಯ ಹೇಳುವ ಟೈರೀಸಿಯಸ್ ಒಂದು ಮಾತು ಹೇಳುತ್ತಾನೆ: ಹೆಗಲ ಮೇಲೆ ದೋಣಿಯ ಹುಟ್ಟು ಹೊತ್ತುಕೊಂಡು ಒಳನಾಡಿಗೆ ನಡೆಯುತ್ತ ಹೋಗು, ಅದನ್ನು ನೋಡಿ ಇದೇನು ಕಾಳು ತೂರುವ ಸಲಿಕೆ ಹೊತ್ತಿದ್ದೀ ಎಂದು ಕೇಳುವವನು ಎಲ್ಲಿ ಸಿಗುತ್ತಾನೋ ಅಲ್ಲಿ ನಿಲ್ಲು. ಕಡಲು ಕಾಣದವನಿಗೆ ಹುಟ್ಟು ಗೊತ್ತಿಲ್ಲ, ಕಣ ಗೊತ್ತು. ಈಗ ನಾನು ಒಂದು ಮರ ಹಿಡಿದುಕೊಂಡು ಪೇಟೆಯ ಹೊಸ ಬಡಾವಣೆಗಳತ್ತ ನಡೆದರೆ ಎಷ್ಟನೆಯ ಮನೆಯ ಮಗು ಇದೇನೆಂದು ಕೇಳೀತು? ಗೋಡೆಗೆ ತೂಗುಹಾಕುವ ಅಲಂಕಾರ ಎಂದುಕೊಳ್ಳಲೂಬಹುದು. ಬೊಂಬೆ ಬರೆದ ಪುಟ್ಟ ಮೊರಗಳು ಮೇಳಗಳಲ್ಲಿ ಹಾಗೆ ಮಾರಾಟಕ್ಕೆ ಇರುತ್ತವೆ.

ಶಬ್ದಕೋಶದವರ ಮೇಲೆ ಪೂರ್ತಿ ತಪ್ಪು ಹೊರಿಸುವುದೂ ನ್ಯಾಯವಲ್ಲ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ಕೋಶ ತಂದ. 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದ ಕಿಟೆಲ್ಲರ ಮಹಾಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಿಟೆಲ್ಲರು ಗಾದೆ ಬಿಡಲಿಲ್ಲ, ಅಡಿಗೆಮನೆಯ ಮಾತು ಬಿಡಲಿಲ್ಲ. ನಮ್ಮ ಧಾರವಾಡ ಸೀಮೆಯ ಮಾತಿಗೆ, ಮೈಸೂರು ಸೀಮೆಯ ಮಾತಿಗೆ ಬೇರೆ ಬೇರೆ ಗುರುತು ಕೂಡ ಹಾಕಿದರು. ಕನ್ನಡದಿಂದ ಹೊರಟ ಕೋಶದಲ್ಲಿ ಇಂಥ ತೊಂದರೆ ಬರುವುದಿಲ್ಲ. ಅಲ್ಲಿ ‘ಕೇರು’ವಿಗೆ ಒಂದು ಮನೆ, ‘ತೂರು’ವಿಗೆ ಒಂದು ಮನೆ, ವರ್ಣಮಾಲೆಯಲ್ಲಿ ಇಬ್ಬರೂ ದೂರ ದೂರ, ತಂತಮ್ಮ ಸಂಸಾರದೊಂದಿಗೆ ಸುಖವಾಗಿದ್ದಾರೆ. ಇಂಗ್ಲಿಷಿನಿಂದ ಹೊರಟ ಕೋಶದಲ್ಲಿ ಮಾತ್ರ ಅವರು ಒಂದೇ ಗಂಡಿನ ಮನೆಗೆ ಬಂದು ಬೀಳುತ್ತಾರೆ. ನಮ್ಮ ಕಾಲದಲ್ಲಿ ಶಾಲೆಯ ಮಕ್ಕಳ ಕೈಯಲ್ಲಿ ಇರುವುದು ಈ ಎರಡನೆಯ ಬಗೆಯದೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನ ಮಗುವಿನ ಪಾಟಿಚೀಲದಲ್ಲಿ ಹಾಕಿ ಕಳಿಸಲಾಗುವುದಿಲ್ಲವಲ್ಲ.

ಇನ್ನೊಂದು ಮಾತು. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕಥೆ, ಪಾಠಗಳಲ್ಲಿ ಈ ಶಬ್ದ ಎದುರಾದಲ್ಲೆಲ್ಲ ಅನುವಾದಕರು ‘ತೂರು’ ಎಂದು ಬರೆದು ಮುಂದೆ ಹೋಗುವುದನ್ನು ಕಂಡಿದ್ದೇನೆ. ಅಂಗಳದಲ್ಲಿ ಕೂತ ಹೆಂಗಸು, ಮಡಿಲ ಮುಂದೆ ಬುಟ್ಟಿ, ಸುತ್ತ ಕೋಳಿಗಳು. ಆದರೂ ಅವಳು ‘ತೂರುತ್ತಿದ್ದಾಳೆ’. ಕೋಳಿಗಳು ಕಾಯುತ್ತಿರುವುದು ಅವಳು ಕೇರಿ ಉದುರಿಸುವ ನುಚ್ಚಿಗೆ ಎಂಬುದು ಅನುವಾದಕರಿಗೆ ಹೊಳೆದಿಲ್ಲ. ‘ತೂರು’ ಎಂದ ಕೂಡಲೇ ಅವಳು ಎದ್ದು ನಿಲ್ಲಬೇಕಾಗುತ್ತದೆ, ಬುಟ್ಟಿ ತಲೆಯ ಮೇಲೆ ಹೋಗಬೇಕಾಗುತ್ತದೆ, ಗಾಳಿ ಬರಬೇಕಾಗುತ್ತದೆ. ಒಂದು ಕ್ರಿಯಾಪದ ತಪ್ಪಿದರೆ ಇಡೀ ಅಂಗಳ ಕದಲುತ್ತದೆ. ಇದು ಸಣ್ಣ ತಪ್ಪು ಎಂದು ನನಗನಿಸುವುದಿಲ್ಲ. ನ್ಯಾಯಾಲಯದ, ಕಚೇರಿಯ, ರಾಜಕಾರಣದ ಶಬ್ದಗಳಿಗೆ ಸಮಿತಿ ಕೂಡಿಸಿ ಒಂದೊಂದು ಅರ್ಥಛಾಯೆಗೂ ವಾದ ಮಾಡುವ ನಾವು ಪಡಸಾಲೆಯ ಶಬ್ದಗಳಿಗೆ ಒಂದು ಅಲ್ಪವಿರಾಮ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಈಗ ಅಂಗಡಿಯಲ್ಲಿ ಹಸನಾದ ಕಾಳೇ ಪಾಕೀಟಿನಲ್ಲಿ ಬರುತ್ತದೆ. ನನಗೆ ಅದರ ಮೇಲೆ ದ್ವೇಷವಿಲ್ಲ. ಕೇರಿ ಕೇರಿ ಭುಜ ಬಿದ್ದುಹೋದ, ಸುಂಕು ಕುಡಿದು ಕೆಮ್ಮು ಹತ್ತಿಸಿಕೊಂಡ ಹೆಂಗಸರನ್ನು ನಾನು ನೋಡಿದ್ದೇನೆ. ಕೆಲಸ ಹೋಗಲಿ. ಆದರೆ ಕೆಲಸ ಹೋದ ಮೇಲೂ ಇಂಗ್ಲಿಷಿನವರ ‘ವಿನ್ನೋ’ ಅವರ ಕವಿತೆಯಲ್ಲಿ, ಪತ್ರಿಕೆಯಲ್ಲಿ, ಕಂಪನಿಯ ಸಭೆಯಲ್ಲಿ ಜೀವದಿಂದಿದೆ. ನಮ್ಮ ‘ತೂರು’ವೂ ಗಾದೆಯ ಬಲದಿಂದ ಉಳಿದೀತು. ‘ಕೇರು’ವಿಗೆ ಗಾದೆಯ ಆಸರೆ ಕಡಿಮೆ, ಹೇಳುವವರ ಬಾಯಿಯೇ ಅದಕ್ಕೆ ಆಸರೆ.

ಹರಿದ ರಟ್ಟಿನ ಆ ಕೋಶದಲ್ಲಿ ನಾನು ಪೆನ್ಸಿಲ್ಲಿನಿಂದ ಅಲ್ಪವಿರಾಮವನ್ನು ಹೊಡೆದು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಹೀಗೆ ಬರೆದಿಟ್ಟಿದ್ದೇನೆ. ತೂರು: ಎತ್ತರದಿಂದ ಸುರಿದು, ಬೀಸುವ ಗಾಳಿಗೆ ಹೊಟ್ಟು ಬಿಡುವುದು, ಕಣದಲ್ಲಿ. ಕೇರು: ಮರದಲ್ಲಿ ಹಾರಿಸಿ, ಮರದ ಗಾಳಿಗೇ ಹೊಟ್ಟು ಬಿಡುವುದು, ಮನೆಯಲ್ಲಿ, ಇಂಗ್ಲಿಷಿನಲ್ಲಿ ಹಿಂದೆ ಇದಕ್ಕೆ ಫ್ಯಾನ್ ಎಂಬ ಮಾತಿತ್ತು. ಒನೆ: ಮರವನ್ನು ಬದಿಗೆ ಅಲುಗಿಸಿ ಕಲ್ಲನ್ನು ಮೂಲೆಗೆ ತರುವುದು. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಪೂರಾ ವಾಕ್ಯ ಬೇಕಾಯಿತು. ಜಾಗ ಸಾಲದೆ ಅದನ್ನು ಕೆಳಗಿನ ಅಂಚಿನವರೆಗೂ ಬರೆದಿದ್ದೇನೆ.